ಅಂಚೆಪೆಟ್ಟಿಗೆಯ ಮೇಲೆ ನಿಮ್ಮ ಹೆಸರಿದೆಯೇ?

ಜರ್ಮನಿಗೆ ಎಂ.ಎಸ್. ಮಾಡಲು ಹೊರಟವರ ತಂದೆತಾಯಿ ಫೋನ್ ಮಾಡಿದರೆ ಮೊದಲು ಕೇಳುವುದು ಹೆಚ್ಚಾಗಿ ಒಂದೇ: ‘ರಾತ್ರಿ ಹೊತ್ತು ಓಡಾಡಬಹುದಾ ಸರ್, ಏನೂ ಭಯ ಇಲ್ಲ ತಾನೆ?’ ಇಲ್ಲೇ ಓದಿ, ಇಲ್ಲೇ ಕೆಲಸಕ್ಕೆ ನಿಂತು, ಹೊಸದಾಗಿ ಬಂದ ಹುಡುಗ ಹುಡುಗಿಯರ ಗೋಳು ಕೇಳುತ್ತ ನನಗೆ ವರ್ಷಗಳೇ ಆದವು. ಬೀದಿಯಲ್ಲಿ ಬೈಗುಳ, ಕೈಮಾಡುವುದು ಇಲ್ಲವೇ ಇಲ್ಲ ಎನ್ನಲಾರೆ. ಅಂಥ ಹೊತ್ತಿಗೆ ಪೊಲೀಸರ ನಂಬರು 110 ಗೊತ್ತಿರಬೇಕು. ಆದರೆ ನನ್ನ ಬಳಿ ಬಂದ ಕಷ್ಟಗಳಲ್ಲಿ ಹೆಚ್ಚಿನವು ಕತ್ತಲ ಬೀದಿಯಲ್ಲಿ ಹುಟ್ಟಿದವಲ್ಲ. ಒಡೆದು ನೋಡದ ಲಕೋಟೆ, ಈಜು ಬಾರದೆ ಇಳಿದ ಕೆರೆ, ಮನೆಯವರಿಗೆ ಹೇಳದೆ ಮುಚ್ಚಿಟ್ಟ ಸಂಗತಿ, ಇವುಗಳಿಂದ ಬಂದವು.

1. ಬೀಗದ ಕೈ ಸಿಗುವ ಮುಂಚೆ ದುಡ್ಡು ಕಳಿಸಬೇಡಿ

ಮ್ಯೂನಿಕ್‌ನಂಥ ಊರಲ್ಲಿ ಬಾಡಿಗೆ ಕೋಣೆ ಸಿಗುವುದು ಸೀಟು ಸಿಗುವುದಕ್ಕಿಂತ ಕಷ್ಟ. ಮೋಸಗಾರರು ಬದುಕುವುದೇ ಇದರ ಮೇಲೆ. ಮನೆ ಮಾಲೀಕ ಲಂಡನ್‌ನಲ್ಲಿರುತ್ತಾನೆ ಅಥವಾ ಸ್ಪೇನ್‌ನಲ್ಲಿ. ಫೋಟೊ ಚೆನ್ನಾಗಿರುತ್ತದೆ, ಬಾಡಿಗೆ ನಂಬಲಾರದಷ್ಟು ಕಡಿಮೆ. ಮುಂಗಡ ಕಟ್ಟಿದರೆ ಕೀಲಿ ಕೊರಿಯರ್‌ನಲ್ಲಿ ಬರುತ್ತದೆ ಎನ್ನುತ್ತಾನೆ, ನಂಬಿಕೆಗೆಂದು ಯಾರದೋ ಪಾಸ್‌ಪೋರ್ಟಿನ ಪ್ರತಿಯನ್ನೂ ಕಳಿಸುತ್ತಾನೆ. ನೀವು ಬದಲಿಗೆ ನಿಮ್ಮ ಪಾಸ್‌ಪೋರ್ಟ್ ಕಳಿಸಿದಿರೋ, ಮುಂದಿನವನನ್ನು ನಂಬಿಸಲು ಅದೇ ಬಳಕೆಯಾಗುತ್ತದೆ.

ಪ್ರವೇಶಪತ್ರ ಬಂದ ದಿನವೇ ವಿದ್ಯಾರ್ಥಿನಿಲಯಕ್ಕೆ ಅರ್ಜಿ ಹಾಕಿ. ದೊಡ್ಡ ಊರುಗಳಲ್ಲಿ ಸರದಿ ಬರಲು ಸೆಮಿಸ್ಟರುಗಳೇ ಹಿಡಿಯುತ್ತವೆ. ಮೊದಲ ವಾರಗಳಿಗೆ ಯೂತ್ ಹಾಸ್ಟೆಲ್ ಸಾಕು. ಮನೆ ನೋಡಿ, ಒಪ್ಪಂದ ಓದಿ ಆಮೇಲೆ ದುಡ್ಡು ಕೊಡಿ. ನೀರು, ಹೀಟಿಂಗ್ ಖರ್ಚು ಬಿಟ್ಟ ಬಾಡಿಗೆಯ ಮೂರು ತಿಂಗಳ ಮೊತ್ತಕ್ಕಿಂತ ಹೆಚ್ಚು ಮುಂಗಡ ಕೇಳಲು ಇಲ್ಲಿನ ಕಾನೂನು ಬಿಡುವುದಿಲ್ಲ. ಬೆಂಗಳೂರಿನ ಹತ್ತು ತಿಂಗಳ ಅಡ್ವಾನ್ಸ್ ಕಂಡವರಿಗೆ ಇದೊಂದು ಸಮಾಧಾನ.

‘ಇರಿ, ಆದರೆ ವಿಳಾಸ ನೋಂದಣಿ ಮಾಡಿಸಬೇಡಿ’ ಎನ್ನುವ ಮನೆ ಬೇಡ. ಮನೆ ಸೇರಿದ ಎರಡು ವಾರದೊಳಗೆ ನಗರಾಡಳಿತದ ಕಚೇರಿಯಲ್ಲಿ ವಿಳಾಸ ದಾಖಲಿಸಬೇಕು, ಅದಕ್ಕೆ ಮಾಲೀಕನ ಸಹಿ ಬೇಕು. ಇಲ್ಲಿ ಅನ್ಮೆಲ್ಡುಂಗ್ ಎನ್ನುವ ಈ ನೋಂದಣಿಯ ಹಿಂದೆಯೇ ತೆರಿಗೆ ಸಂಖ್ಯೆ, ವಾಸದ ಪರವಾನಗಿ ಎಲ್ಲ ಬರುವುದು.

2. ಪೆಟ್ಟಿಗೆಯ ಮೇಲೆ ಹೆಸರು ಅಂಟಿಸಿ

ಇಲ್ಲಿನ ಬಹುಪಾಲು ಕಟ್ಟಡಗಳಲ್ಲಿ ಫ್ಲ್ಯಾಟ್ ನಂಬರಿಲ್ಲ. ಅಂಚೆಯವನು ಹೆಸರು ನೋಡಿ ಕಾಗದ ಹಾಕುತ್ತಾನೆ, ಹೆಸರು ಕಾಣದಿದ್ದರೆ ವಾಪಸ್ ಒಯ್ಯುತ್ತಾನೆ. ಬ್ಯಾಂಕಿನ ಪಿನ್, ವಿಮೆಯ ಕಾರ್ಡು, ತೆರಿಗೆ ಸಂಖ್ಯೆ ಇವೆಲ್ಲ ಇಂದಿಗೂ ಕಾಗದದಲ್ಲೇ ಬರುತ್ತವೆ. ಮನೆಗಿಷ್ಟು ಎಂದು ರೇಡಿಯೊ-ಟಿವಿಗೆ ಕಟ್ಟಬೇಕಾದ ತಿಂಗಳ 18.36 ಯೂರೋ ಶುಲ್ಕದ ಬೇಡಿಕೆಯೂ ಹಾಗೆಯೇ. ಮನೆಯಲ್ಲಿ ಟಿವಿ ಇಲ್ಲ ಎಂಬ ವಾದ ನಡೆಯುವುದಿಲ್ಲ.

ಸರ್ಕಾರಿ ಆದೇಶ ತರುವ ಹಳದಿ ಲಕೋಟೆ ಕಂಡರೆ ಅವತ್ತೇ ಒಡೆಯಿರಿ. ತಲುಪಿಸಿದ ದಿನಾಂಕವನ್ನು ಅಂಚೆಯವನು ಅದರ ಮೇಲೇ ಬರೆದಿರುತ್ತಾನೆ, ಗಡುವು ಆ ದಿನದಿಂದ ಶುರು. ದಂಡದ ಆದೇಶವಾದರೆ ತಕರಾರು ಹೇಳಲು ಎರಡೇ ವಾರ. ಬಸ್ಸು, ರೈಲಿನಲ್ಲಿ ಟಿಕೆಟ್ ಇಲ್ಲದೆ ಸಿಕ್ಕಿಬಿದ್ದುದಕ್ಕೆ 60 ಯೂರೋ ದಂಡ ದೊಡ್ಡದಲ್ಲ. ಅದರ ಹಿಂದೆ ಬಂದ ಪತ್ರಗಳನ್ನು ‘ಜರ್ಮನ್ ಅರ್ಥವಾಗಲಿಲ್ಲ’ ಎಂದು ಡ್ರಾಯರಿಗೆ ತುರುಕಿದವರ ಕತೆ ಮಾತ್ರ ದೊಡ್ಡದಾಗುತ್ತದೆ.

3. ಅಗ್ಗದ ವಿಮೆಗೆ ಮರುಳಾಗಬೇಡಿ

30 ವರ್ಷದೊಳಗಿನ ವಿದ್ಯಾರ್ಥಿಗೆ ಸಾರ್ವಜನಿಕ ಆರೋಗ್ಯ ವಿಮೆಯ ದಾರಿಯಿದೆ. ಶುರುವಿನಲ್ಲಿ ಅದರಿಂದ ವಿನಾಯಿತಿ ಪಡೆದು ಕಡಿಮೆ ಕಂತಿನ ಖಾಸಗಿ ವಿಮೆಗೆ ಹೋದರೆ ಓದು ಮುಗಿಯುವ ತನಕ ವಾಪಸ್ ಬರುವಂತಿಲ್ಲ. ಹಲ್ಲುನೋವೋ ಮೊಣಕಾಲೋ ಬಂದಾಗ ಆ ಉಳಿತಾಯದ ಬೆಲೆ ತಿಳಿಯುತ್ತದೆ.

ಹುಷಾರಾಗಿರುವಾಗಲೇ ಹತ್ತಿರದ ವೈದ್ಯರೊಬ್ಬರನ್ನು ಗೊತ್ತು ಮಾಡಿಕೊಳ್ಳಿ. ಜೀವಕ್ಕೆ ಅಪಾಯವಾದರೆ 112. ರಾತ್ರಿ ಜ್ವರ ಏರಿದೆ, ಬೆಳಗಿನ ತನಕ ಕಾಯಲಾಗದು ಎಂದರೆ 116117. ಭಾನುವಾರ ಅಂಗಡಿಗಳ ಜೊತೆ ಔಷಧಿ ಅಂಗಡಿಯೂ ಮುಚ್ಚಿರುತ್ತದೆ. ಸರದಿಯ ಮೇಲೆ ತೆರೆದಿರುವುದು ಯಾವುದು ಎಂಬ ಚೀಟಿ ಅದರ ಬಾಗಿಲಲ್ಲೇ ಇರುತ್ತದೆ. ದಿನಾ ನುಂಗುವ ಮಾತ್ರೆಯಿದ್ದರೆ ಬ್ರ್ಯಾಂಡಿನ ಹೆಸರಲ್ಲ, ಔಷಧದ ಮೂಲ ಹೆಸರು ಬರೆದ ಚೀಟಿ ತನ್ನಿ. ಇನ್ನೊಂದು ಜೊತೆ ಕನ್ನಡಕವನ್ನು ಊರಲ್ಲೇ ಮಾಡಿಸಿಕೊಂಡು ಬನ್ನಿ.

4. ನೀರು

ಇದನ್ನು ಯಾರೂ ಕೇಳುವುದಿಲ್ಲ, ಆದ್ದರಿಂದ ನಾನೇ ಹೇಳುತ್ತೇನೆ. ಜೂನ್ ಬಂತೆಂದರೆ ಊರಿಗೆ ಊರೇ ಕೆರೆದಂಡೆಯಲ್ಲಿರುತ್ತದೆ. ಜೊತೆಯವರು ಬಾಲ್ಯದಿಂದ ಈಜು ಕಲಿತವರು. ನಮ್ಮ ಹುಡುಗರು ಸೊಂಟಮಟ್ಟದ ನೀರಲ್ಲಿ ಕೈಕಾಲು ಬಡಿದದ್ದನ್ನೇ ಈಜು ಎಂದುಕೊಂಡವರು. ಇಲ್ಲಿನ ಎಷ್ಟೋ ಕೆರೆಗಳು ಜಲ್ಲಿ ತೆಗೆದ ಹೊಂಡಗಳು. ದಡದಿಂದ ನಾಲ್ಕು ಹೆಜ್ಜೆಗೆ ನೆಲ ತಪ್ಪಿಹೋಗುತ್ತದೆ. ಮೇಲೆ ಬೆಚ್ಚಗಿದ್ದ ನೀರು ಕೆಳಗೆ ಮೈ ಸೆಟೆಯುವಷ್ಟು ತಣ್ಣಗಿರುತ್ತದೆ, ತಣ್ಣೀರಿನ ಏಟಿಗೆ ಉಸಿರು ಹಿಡಿದರೆ ಕೂಗಲೂ ಆಗುವುದಿಲ್ಲ. ರೈನ್ ನದಿಯ ಸೆಳೆತ ಮೇಲೆ ನಿಂತವರಿಗೆ ಕಾಣುವುದಿಲ್ಲ. ದಡದ ಕಲ್ಲಿನ ಒಡ್ಡುಗಳ ಸುತ್ತ ಸುಳಿ, ಸರಕಿನ ಹಡಗು ಹೋದಾಗ ನೀರು ಹಿಂದೆ ಸರಿದು ಮತ್ತೆ ನುಗ್ಗುವುದು ಬೇರೆ. ಅಲ್ಲಿ ಈಜು ಬಲ್ಲವರೂ ಇಳಿಯಬಾರದು.

ಇಂಥ ಸಾವಿನ ಸುದ್ದಿ ಮನೆಗೆ ಮುಟ್ಟಿಸುವ ಫೋನನ್ನು ಯಾರೂ ಮಾಡುವಂತಾಗಬಾರದು. ವಿಶ್ವವಿದ್ಯಾಲಯದ ಕ್ರೀಡಾ ವಿಭಾಗದಲ್ಲಿ ಕಡಿಮೆ ಶುಲ್ಕಕ್ಕೆ ಈಜು ಕಲಿಸುತ್ತಾರೆ. ಚಳಿಗಾಲದಲ್ಲೇ ಸೇರಿಕೊಳ್ಳಿ. ಅಲ್ಲಿಯವರೆಗೆ ದಡದಲ್ಲಿ ಕೂತು ಮಂಡಕ್ಕಿ ತಿನ್ನುವುದರಲ್ಲಿ ನಾಚಿಕೆಯೇನೂ ಇಲ್ಲ.

5. ಕೈಗೆ ಕ್ಯಾಶ್ ಕೊಡುವ ಕೆಲಸ

ವೀಸಾಕ್ಕಾಗಿ ಬ್ಲಾಕ್ಡ್ ಅಕೌಂಟಿನಲ್ಲಿ ತೋರಿಸಬೇಕಾದದ್ದು 2024ರ ಸೆಪ್ಟೆಂಬರ್‌ನಿಂದ ವರ್ಷಕ್ಕೆ 11,904 ಯೂರೋ. ತಿಂಗಳಿಗೆ ಬಿಡಿಸಿಕೊಳ್ಳಲು ಸಿಗುವುದು 992. ಅದೂ ಬಂದ ದಿನವೇ ಕೈಗೆ ಬರುವುದಿಲ್ಲವಾದ್ದರಿಂದ ಮೊದಲ ತಿಂಗಳ ಖರ್ಚು ಬೇರೆ ಇಟ್ಟುಕೊಳ್ಳಿ. ಸಾಲದೆಂದು ಕೆಲಸ ಹುಡುಕುವಿರಿ, ಸರಿಯೇ. ವರ್ಷಕ್ಕೆ 140 ಪೂರ್ಣ ದಿನ ಅಥವಾ 280 ಅರ್ಧ ದಿನದ ಮಿತಿಯಿದೆ. ಮಿತಿ ಮೀರಿ ಲೆಕ್ಕಕ್ಕೆ ಸಿಗದಂತೆ ದುಡಿದರೆ ವಾಸದ ಪರವಾನಗಿಗೇ ಕುತ್ತು. ಅಡುಗೆಮನೆಯಲ್ಲಿ ಕೈ ಸುಟ್ಟುಕೊಂಡರೆ, ನೀವು ತನ್ನಲ್ಲಿ ಕೆಲಸಕ್ಕೇ ಇರಲಿಲ್ಲ ಎಂದು ಮಾಲೀಕ ಕೈತೊಳೆದುಕೊಳ್ಳಲೂಬಹುದು.

6. ಪೊಲೀಸ್ ಹೆಸರಲ್ಲಿ ಬರುವ ಫೋನ್

ರಾಯಭಾರ ಕಚೇರಿಯದೇ ನಂಬರು ಪರದೆಯ ಮೇಲೆ ಮೂಡಿಸಿ, ‘ನಿಮ್ಮ ವೀಸಾ ಅರ್ಜಿಯಲ್ಲಿ ತಪ್ಪಿದೆ, ದಂಡ ಕಟ್ಟದಿದ್ದರೆ ಗಡೀಪಾರು’ ಎನ್ನುತ್ತಾರೆ. ಇನ್ನೊಂದು ಬಗೆಯ ಕರೆ ದಾವಣಗೆರೆಯಲ್ಲೋ ಶಿರಸಿಯಲ್ಲೋ ಇರುವ ಅಪ್ಪನಿಗೆ ಹೋಗುತ್ತದೆ: ಮಗ ಸಿಕ್ಕಿಬಿದ್ದಿದ್ದಾನೆ, ಹಿಂದೆ ಅಳುವ ದನಿ. ಹೀಗೆ ಫೋನಿನಲ್ಲೇ ಬಂಧಿಸಿದೆವೆಂದು ಹೆದರಿಸುವ ‘ಡಿಜಿಟಲ್ ಅರೆಸ್ಟ್’ ಎಂಬುದು ಕಾನೂನಿನಲ್ಲೇ ಇಲ್ಲ ಎಂದು ಪ್ರಧಾನಿ 2024ರ ಅಕ್ಟೋಬರ್‌ನಲ್ಲಿ ಆಕಾಶವಾಣಿಯಲ್ಲೇ ಹೇಳಬೇಕಾಯಿತು. ಹೊರಡುವ ಮುಂಚೆ ಮನೆಯವರೊಂದಿಗೆ ಒಂದು ಪ್ರಶ್ನೆ ಗೊತ್ತು ಮಾಡಿಕೊಳ್ಳಿ. ಉತ್ತರ ನಿಮ್ಮನ್ನೂ ಮನೆಯವರನ್ನೂ ಬಿಟ್ಟು ಬೇರೆಯವರಿಗೆ ತಿಳಿದಿರಬಾರದು.

7. ಮೂರನೇ ಸಲದ ಪರೀಕ್ಷೆಗೆ ಮುಂಚೆ ಬಾಯಿಬಿಡಿ

ಅನೇಕ ವಿಶ್ವವಿದ್ಯಾಲಯಗಳಲ್ಲಿ ಕಡ್ಡಾಯ ಪರೀಕ್ಷೆಗೆ ಮೂರೇ ಅವಕಾಶ. ಮೂರನೆಯದರಲ್ಲೂ ಬಿದ್ದರೆ ಹೆಸರು ತೆಗೆಯುತ್ತಾರೆ, ಅದೇ ಕೋರ್ಸನ್ನು ಜರ್ಮನಿಯ ಬೇರೆ ಕಡೆಯೂ ಮುಂದುವರಿಸುವುದು ಕಷ್ಟ. ಡಿಸೆಂಬರ್‌ನಲ್ಲಿ ಬರ್ಲಿನ್‌ನಲ್ಲಿ ಸಂಜೆ ನಾಲ್ಕಕ್ಕೆ ಮುಂಚೆಯೇ ಸೂರ್ಯ ಮುಳುಗುತ್ತಾನೆ. ಊರಲ್ಲಿ ಸಾಲದ ಕಂತು ಓಡುತ್ತಿರುತ್ತದೆ. ಹುಡುಗ ವಿಡಿಯೊ ಕಾಲ್‌ನಲ್ಲಿ ‘ಎಲ್ಲ ಚೆನ್ನಾಗಿದೆ ಅಪ್ಪಾಜಿ’ ಎನ್ನುತ್ತ ಕೋಣೆಯಿಂದ ಹೊರಗೆ ಬರುವುದನ್ನೇ ನಿಲ್ಲಿಸುತ್ತಾನೆ.

ಪರೀಕ್ಷೆಯ ದಿನ ನಿಜಕ್ಕೂ ಹುಷಾರಿಲ್ಲದಿದ್ದರೆ ಆವತ್ತೇ ವೈದ್ಯರ ಚೀಟಿ ಪಡೆದು ಕೂಡಲೇ ಪರೀಕ್ಷಾ ವಿಭಾಗಕ್ಕೆ ಕೊಡಿ, ಆಗ ಸಾಮಾನ್ಯವಾಗಿ ಆ ಅವಕಾಶ ಲೆಕ್ಕಕ್ಕೆ ಸೇರುವುದಿಲ್ಲ. ಬರೆದು ಬಿದ್ದ ಮೇಲೆ ತಂದ ಚೀಟಿಗೆ ಬೆಲೆಯಿಲ್ಲ. ವಿದ್ಯಾರ್ಥಿ ಸೇವಾ ಸಂಸ್ಥೆಗಳಲ್ಲಿ ಮನಶ್ಶಾಸ್ತ್ರಜ್ಞರ ಸಲಹೆ ಸಿಗುತ್ತದೆ, ಅಲ್ಲಿ ಆಡಿದ್ದು ಕಾಲೇಜಿಗೂ ವೀಸಾ ಕಚೇರಿಗೂ ಹೋಗುವುದಿಲ್ಲ. ಅಪ್ಪ ಅಮ್ಮಂದಿರಿಗೂ ಒಂದು ಮಾತು: ‘ಎಷ್ಟು ಮಾರ್ಕ್ಸ್?’ ಎನ್ನುವುದಕ್ಕೆ ಮುಂಚೆ ‘ಇವತ್ತು ಯಾರ ಜೊತೆ ಊಟ ಮಾಡಿದೆ?’ ಎಂದು ಕೇಳಿ.

8. ನೀವಿಲ್ಲಿದ್ದೀರೆಂದು ಸರ್ಕಾರಕ್ಕೆ ಗೊತ್ತಿರಲಿ

2022ರ ಮಾರ್ಚ್ 1ರಂದು ಉಕ್ರೇನಿನ ಖಾರ್ಕಿವ್‌ನಲ್ಲಿ ಹಾವೇರಿ ಜಿಲ್ಲೆಯ ವೈದ್ಯಕೀಯ ವಿದ್ಯಾರ್ಥಿಯೊಬ್ಬ ದಾಳಿಗೆ ಬಲಿಯಾದ. ಸಾವಿರಾರು ಭಾರತೀಯ ವಿದ್ಯಾರ್ಥಿಗಳು ಪೋಲೆಂಡ್, ಹಂಗೇರಿ, ರೊಮೇನಿಯಾ ಗಡಿ ದಾಟಿ ಬಂದರು. ಜರ್ಮನಿಯಲ್ಲಿ ಯುದ್ಧವಿಲ್ಲ, ಆದರೂ ವಿದೇಶಾಂಗ ಸಚಿವಾಲಯದ ಮದದ್ ಪೋರ್ಟಲ್‌ನಲ್ಲಿ ಹೆಸರು ನೋಂದಾಯಿಸುವುದು ಸ್ವಲ್ಪ ಹೊತ್ತಿನ ಕೆಲಸ. ಬರ್ಲಿನ್‌ನಲ್ಲಿ ರಾಯಭಾರ ಕಚೇರಿ. ಫ್ರಾಂಕ್‌ಫರ್ಟ್, ಹ್ಯಾಂಬರ್ಗ್, ಮ್ಯೂನಿಕ್‌ಗಳಲ್ಲಿ ಕಾನ್ಸುಲೇಟುಗಳಿವೆ. ನೀವಿರುವ ಜರ್ಮನ್ ರಾಜ್ಯ ಯಾವುದರ ವ್ಯಾಪ್ತಿಗೆ ಬರುತ್ತದೆಂದು ಈಗಲೇ ನೋಡಿಡಿ. ಪಾಸ್‌ಪೋರ್ಟ್ ಕಳೆದರೆ ಮೊದಲು ಪೊಲೀಸ್ ದೂರು, ಆಮೇಲೆ ಕಾನ್ಸುಲೇಟ್. ಪಾಸ್‌ಪೋರ್ಟಿನ ಒಂದು ಪ್ರತಿ ಊರಲ್ಲಿರುವ ತಂಗಿಯ ಫೋನಿನಲ್ಲೂ ಇರಲಿ.