ವಿಷಾನಿಲಸೂಚಕಕ್ಕೂ ಪರೀಕ್ಷೆಯುಂಟು



ಕೊಲ್ಹಾಪುರದ ದಕ್ಷಿಣಕ್ಕೆ, ಪುಣೆ–ಬೆಂಗಳೂರು ಹೆದ್ದಾರಿಯ ಬದಿಗೆ, ಗೋಕುಳ ಶಿರಗಾಂವದ ಕೈಗಾರಿಕಾ ವಸಾಹತು ಇದೆ. ಅಲ್ಲಿಯ ಎರಕದ ಕಾರ್ಖಾನೆಗಳಲ್ಲಿ ಕಬ್ಬಿಣವು ನೀರಾಗಿ ಹರಿದು ಯಂತ್ರಭಾಗಗಳ ರೂಪವನ್ನು ತಾಳುತ್ತದೆ. ಇಂಥ ಕಾರ್ಖಾನೆಗಳಲ್ಲಿ ಹಗಲಿರುಳು ಪಾಳಿಯ ಮೇಲೆ ದುಡಿಯುವವರ ಪ್ರಾಣವನ್ನು ಕಾಯುವ ಒಂದು ಚಿಕ್ಕ ಉಪಕರಣದ ವಿಷಯವನ್ನು ಈ ಪಾಠದಲ್ಲಿ ತಿಳಿಯೋಣ.

ಕುಲುಮೆಯಲ್ಲಿ ಕೋಕು ಸಾಕಷ್ಟು ಗಾಳಿಯಿಲ್ಲದೆ ಉರಿದಾಗ ಇಂಗಾಲದ ಮೊನಾಕ್ಸೈಡ್ ಎಂಬ ಅನಿಲವು ಹುಟ್ಟುತ್ತದೆ. ಇದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದ ಹಿಮೋಗ್ಲೋಬಿನ್ ಆಮ್ಲಜನಕವನ್ನು ಹಿಡಿಯುವುದಕ್ಕಿಂತ 200 ಪಟ್ಟಿಗೂ ಮಿಗಿಲಾದ ಬಿಗಿಯಿಂದ ಇದನ್ನು ಹಿಡಿದುಕೊಳ್ಳುತ್ತದೆ. ತಲೆನೋವು, ಮಂಪರು, ಕಡೆಗೆ ಮರಣ. 1984ರ ಡಿಸೆಂಬರ್ 2–3ರ ರಾತ್ರಿ ಭೋಪಾಲದಲ್ಲಿ ಸೋರಿದ ಮೀಥೈಲ್ ಐಸೊಸಯನೇಟ್ ಕಣ್ಣನ್ನು ಉರಿಸುವಂಥದು. ಸೋರಿಕೆಯು ಮೊದಲು ಕೆಲಸಗಾರರಿಗೆ ತಿಳಿದದ್ದೂ ಕಣ್ಣುರಿಯಿಂದಲೇ. ಆದರೂ ಸಾವಿರಾರು ಜನ ಮಡಿದರು. ಕಣ್ಣುರಿಯ ಸೂಚನೆಯನ್ನೂ ಕೊಡದ ಅನಿಲದ ಎದುರಿಗೆ ಉಪಕರಣವೇ ನಮ್ಮ ಮೂಗು.

ಗೋಡೆಗೆ ಶಾಶ್ವತವಾಗಿ ಕೂಡಿಸಿದ ಈ ಸೂಚಕದೊಳಗೆ ಒಂದು ರಾಸಾಯನಿಕ ಕೋಶವಿರುತ್ತದೆ. ಅನಿಲವು ತೆಳುಪೊರೆಯ ಮೂಲಕ ಒಳಹೊಕ್ಕಾಗ ಅದರ ಪ್ರಮಾಣಕ್ಕೆ ತಕ್ಕಷ್ಟು ಅತಿ ಸಣ್ಣ ವಿದ್ಯುತ್ ಪ್ರವಾಹವು ಹುಟ್ಟುವುದು. ನಿಗದಿಯಾದ ಮಿತಿಯನ್ನು ಮೀರಿದೊಡನೆ ಗಂಟೆ ಬಾರಿಸುವುದು. ಆದರೆ ಕಾಲ ಕಳೆದಂತೆ ಕೋಶವು ಶಕ್ತಿಗುಂದುತ್ತದೆ, ಧೂಳು ಪೊರೆಯನ್ನು ಮುಚ್ಚುತ್ತದೆ. ಆಗಲೂ ಉಪಕರಣದ ದೀಪ ಉರಿಯುತ್ತಲೇ ಇರಬಹುದು! ಗಂಟೆ ಬಾರಿಸಲಿಲ್ಲವೆಂದ ಮಾತ್ರಕ್ಕೆ ಗಾಳಿ ಶುದ್ಧವೆಂದು ನಂಬಲಾಗದು.

ಆದುದರಿಂದ ಅದಕ್ಕೆ ಕಾಲಕಾಲಕ್ಕೆ ಪರೀಕ್ಷೆ ನಡೆಸಬೇಕು. ಇದನ್ನೇ ಕಾರ್ಖಾನೆಯಲ್ಲಿ ಕ್ಯಾಲಿಬ್ರೇಷನ್ ಎನ್ನುವರು. ಅದರ ಕ್ರಮ ಹೀಗಿದೆ:

1. ಪರೀಕ್ಷೆಯ ಗಂಟೆಯನ್ನು ನಿಜವಾದ ಅಪಾಯವೆಂದು ಯಾರೂ ತಿಳಿಯದಂತೆ ಮೊದಲೇ ಎಲ್ಲರಿಗೂ ತಿಳಿಸಿ, ಗಂಟೆಯ ಸಂಪರ್ಕವನ್ನು ತಡೆಹಿಡಿಯುವುದು.

2. ಶುದ್ಧ ಗಾಳಿಯನ್ನು ಹಾಯಿಸಿ, ಅಂಕೆಯನ್ನು ಸೊನ್ನೆಗೆ ತರುವುದು.

3. ಪ್ರಮಾಣವು ಖಚಿತವಾಗಿ ತಿಳಿದಿರುವ ಅನಿಲವನ್ನು, ಅಂದರೆ ಹತ್ತು ಲಕ್ಷ ಭಾಗ ಗಾಳಿಯಲ್ಲಿ 100 ಭಾಗ ಇರುವಂಥದನ್ನು, ಸಿಲಿಂಡರಿನಿಂದ ನಿಧಾನವಾಗಿ ಹಾಯಿಸಿ, ಅಂಕೆ ಸ್ಥಿರವಾದ ಮೇಲೆ ಅದನ್ನು 100ಕ್ಕೆ ಸರಿಪಡಿಸುವುದು.

4. ಅನಿಲವನ್ನು ನಿಲ್ಲಿಸಿ, ಅಂಕೆ ಸೊನ್ನೆಗೆ ಮರಳಿದುದನ್ನು ಕಂಡು, ತಡೆದಿದ್ದ ಗಂಟೆಯ ಸಂಪರ್ಕವನ್ನು ತಪ್ಪದೆ ಮತ್ತೆ ಕೂಡಿಸಿ, ದಿನಾಂಕವನ್ನು ಬರೆದಿಡುವುದು.

ಪರೀಕ್ಷಕನು ತನಗೆ ಉತ್ತರ ತಿಳಿದ ಪ್ರಶ್ನೆಯನ್ನೇ ಕೇಳುವನಷ್ಟೆ? ಆ ಸಿಲಿಂಡರು ಅಂಥ ಪ್ರಶ್ನೆ. ಅದಕ್ಕೂ ಅವಧಿಯುಂಟು, ಅವಧಿ ಮೀರಿದ ಅನಿಲದಿಂದ ಪರೀಕ್ಷಿಸುವುದು ತಪ್ಪು ತೂಕದ ಕಲ್ಲಿನಿಂದ ತಕ್ಕಡಿಯನ್ನು ಪರೀಕ್ಷಿಸಿದಂತೆ.

ಈಗ ಒಂದು ಲೆಕ್ಕ. 100 ಭಾಗ ಅನಿಲವಿದ್ದಾಗ ಉಪಕರಣವು 70 ಎಂದು ತೋರಿಸುತ್ತದೆ; ಗಂಟೆಯನ್ನು 35ಕ್ಕೆ ಇಡಲಾಗಿದೆ. ಅದೇ ಪ್ರಮಾಣದಲ್ಲಿ ತಪ್ಪುತ್ತಿದ್ದರೆ, ಗಂಟೆ ಬಾರಿಸುವಾಗ ಗಾಳಿಯಲ್ಲಿರುವ ಅನಿಲವೆಷ್ಟು? 35 × 100 ÷ 70 = 50 ಭಾಗ. 36ರಿಂದ 49ರವರೆಗೆ ಉಪಕರಣವು ಸುಮ್ಮನಿರುವುದು. ಅದರ ಕೆಳಗೆ ನಿಂತವನು ನಿಶ್ಚಿಂತೆಯಿಂದ ಉಸಿರಾಡುತ್ತಿರುವನು. ತ್ರೈರಾಶಿಕದ ಲೆಕ್ಕ ಯಾತಕ್ಕೆಂದು ಕೇಳುವ ಮಕ್ಕಳಿಗೆ ಇದೇ ಉತ್ತರ.

ಪಾಲಕರಲ್ಲಿ ಒಂದು ವಿನಂತಿ. ನಿಮ್ಮ ಕೆಲಸದ ಸ್ಥಳದಲ್ಲಿ ಇಂಥ ಸೂಚಕವಿದ್ದರೆ ಅದನ್ನು ಕಡೆಯದಾಗಿ ಪರೀಕ್ಷಿಸಿದ ದಿನಾಂಕವನ್ನು ಕೇಳಿ ತಿಳಿಯಿರಿ. ಕೇಳುವುದು ಉದ್ಧಟತನವಲ್ಲ. ನಿಮ್ಮ ದಾರಿಯನ್ನು ಕಾಯುತ್ತಿರುವ ಮಕ್ಕಳ ಸಲುವಾಗಿ ಕೇಳಲೇಬೇಕಾದ ಪ್ರಶ್ನೆ ಅದು.