ಅಂಗಳದಲ್ಲಿ ಟ್ರಾಲಿ ತಗುಲಿದರೆ: ತಪ್ಪು ಯಾರದು, ದುಡ್ಡು ಯಾರು ಕೊಡಬೇಕು?

ಸುಗ್ಗಿ ಶುರುವಾದರೆ ಸಿಂಧನೂರು, ಮಸ್ಕಿ, ಲಿಂಗಸುಗೂರು ಭಾಗದ ಮಾರುಕಟ್ಟೆ, ಗಿರಣಿ ಅಂಗಳಗಳಲ್ಲಿ ಟ್ರ್ಯಾಕ್ಟರ್ ನಿಲ್ಲಿಸಲು ಜಾಗ ಸಿಗುವುದಿಲ್ಲ. ಬೆಳೆ, ಗೊಬ್ಬರದ ಮಾತು ಮುಂದಿನ ವಾರಕ್ಕಿರಲಿ. ಈ ವಾರ ನನಗೇ ಆದ ಪಾಠವನ್ನು ಹೇಳುತ್ತೇನೆ.

ಹೋದ ಸುಗ್ಗಿಯಲ್ಲಿ ಸಿಂಧನೂರಿನ ಒಂದು ಅಂಗಳದಲ್ಲಿ ನಮ್ಮ ಡ್ರೈವರ್ ಹುಡುಗ ನೆಲ್ಲು ತುಂಬಿದ ಟ್ರಾಲಿಯನ್ನು ಕಾಟಾ ಕಡೆಗೆ ರಿವರ್ಸ್ ತೆಗೆದುಕೊಳ್ಳುತ್ತಿದ್ದ. ಟ್ರಾಲಿಯ ಮೂಲೆ ಮಸ್ಕಿ ಕಡೆಯವರ ಗೂಡ್ಸ್ ಆಟೋಕ್ಕೆ ಬಡಿಯಿತು. ಗಾಜು ಒಡೆದು, ಬಾಗಿಲು ಒಳಗೆ ಹೋಯಿತು. ಪುಣ್ಯಕ್ಕೆ ಆಟೋದಲ್ಲಿ ಯಾರೂ ಇರಲಿಲ್ಲ. "ಹಿಂದ ನೋಡಂಗಿಲ್ಲೇನು?" ಅಂತ ಅವರು, "ದಾರ್ಯಾಗ ಯಾಕ ನಿಲ್ಸೀರಿ?" ಅಂತ ನಮ್ಮ ಹುಡುಗ. ಹಿಂದಿದ್ದ ಗಾಡಿಯವರು ಹಾರ್ನ್ ಹೊಡೆದರು ಅಂತ ಎರಡೂ ಗಾಡಿ ಸರಿಸಿಬಿಟ್ಟೆವು. ಒಂದೂ ಫೋಟೋ ತೆಗೆಯಲಿಲ್ಲ. ಆಟೋ ದಾರಿಗೆ ಎಷ್ಟು ಚಾಚಿತ್ತು ಅನ್ನೋದು ಇವತ್ತಿಗೂ ಬರೀ ಬಾಯಿಮಾತು.

ಮೊದಲ ಪ್ರಶ್ನೆ: ತಪ್ಪು ಯಾರದು?

ನಿಂತ ಗಾಡಿಗೆ ಚಲಿಸುವ ಗಾಡಿ ಬಡಿದರೆ, ಮೊದಲ ನೋಟಕ್ಕೆ ತಪ್ಪು ಚಲಿಸುವವನದೇ. ರಿವರ್ಸ್ ತೆಗೆಯುವವನ ಹೊಣೆ ಇನ್ನೂ ಹೆಚ್ಚು. ಹಿಂದೆ ಅಪಾಯವಿಲ್ಲ ಅಂತ ಖಾತ್ರಿ ಮಾಡಿಕೊಂಡೇ ಅವನು ಗಾಡಿ ಬಿಡಬೇಕು. ತುಂಬಿದ ಟ್ರಾಲಿ ಇದ್ದಾಗ ಕನ್ನಡಿಯಲ್ಲಿ ಹಿಂದಿನದು ಕಾಣುವುದಿಲ್ಲ. ಹಾಗಾಗಿ ಒಬ್ಬರು ಕೆಳಗಿಳಿದು ಕೈ ತೋರಿಸಲೇಬೇಕು.

ಹಾಗಂತ ನಿಂತ ಗಾಡಿಯವನದು ಎಂದೂ ತಪ್ಪಿಲ್ಲ ಅಂತಲ್ಲ. ಓಡಾಡುವ ದಾರಿಗೆ ಅಡ್ಡ ನಿಲ್ಲಿಸಿದ್ದರೆ, ಕತ್ತಲಲ್ಲಿ ಹಿಂದಿನ ದೀಪ, ರಿಫ್ಲೆಕ್ಟರ್ ಇಲ್ಲದೆ ಬಿಟ್ಟಿದ್ದರೆ ಅವನಿಗೂ ಪಾಲು ಬರುತ್ತದೆ. ಅವನ ಪಾಲು ನಾಲ್ಕಾಣೆ ಅಂತ ತೀರ್ಮಾನವಾದರೆ, ಅವನಿಗೆ ಸಿಗುವ ಪರಿಹಾರದಲ್ಲಿ ಅಷ್ಟು ಕಡಿತ. ಎರಡೂ ಗಾಡಿ ರಿವರ್ಸ್‌ನಲ್ಲಿದ್ದರೆ ಹೊಣೆ ಹಂಚಿಕೆಯಾಗುವುದೇ ಹೆಚ್ಚು. ಇದೆಲ್ಲ ಸಾಬೀತಾಗುವುದು ಗಾಡಿ ಸರಿಸುವ ಮುಂಚಿನ ಫೋಟೋದಿಂದ, ಜೋರು ದನಿಯಿಂದಲ್ಲ.

ಎರಡನೇ ಪ್ರಶ್ನೆ: ದುಡ್ಡು ಯಾರದು?

ಡ್ರೈವರ್ ತಪ್ಪು ಮಾಡಿದರೂ ಕೆಲಸಕ್ಕಿಟ್ಟ ಮಾಲೀಕನಿಗೆ ಹೊಣೆ ತಪ್ಪದು. ಆ ಹೊಣೆಯನ್ನು ಹೊರಲೆಂದೇ ಮೂರನೇ ವ್ಯಕ್ತಿ ವಿಮೆ ಇರುವುದು. 1988ರ ಮೋಟಾರು ವಾಹನ ಕಾಯ್ದೆಯಲ್ಲಿ ಅದು ಕಡ್ಡಾಯ. "ಇದು ರೋಡಲ್ಲ, ಅಂಗಳ" ಅನ್ನುವ ಮಾತು ಸುಲಭಕ್ಕೆ ನಡೆಯದು. ಜನರಿಗೆ ಹೋಗಿಬರುವ ಹಕ್ಕಿರುವ ಜಾಗವೆಲ್ಲ ಆ ಕಾಯ್ದೆಗೆ ಸಾರ್ವಜನಿಕ ಸ್ಥಳವೇ.

ನಾನು ಎಡವಿದ್ದು ಇಲ್ಲೇ. ನನ್ನ ಪಾಲಿಸಿ ಬರೀ ಇಂಜಿನ್‌ಗಿತ್ತು, ಟ್ರಾಲಿಗೆ ಇರಲಿಲ್ಲ. ಬಡಿದದ್ದು ಟ್ರಾಲಿ! ಇಂಥ ಕಡೆ ವಿಮಾ ಕಂಪನಿ ತಕರಾರು ತೆಗೆಯುತ್ತದೆ. ಕೃಷಿ ಬಳಕೆಗೆ ಅಂತ ಪಾಲಿಸಿ ಮಾಡಿಸಿ ಬಾಡಿಗೆ ಹೊಡೆದರೂ, ಟ್ರಾಲಿಯಲ್ಲಿ ಜನ ಕೂರಿಸಿದರೂ ಇದೇ ಕಥೆ. ಲೈಸೆನ್ಸ್ ವಿಷಯದಲ್ಲಿ ಮಾತ್ರ ಒಂದು ಸಮಾಧಾನವಿದೆ. ಕರ್ನಾಟಕದ ಪ್ರಕರಣವೊಂದರಲ್ಲಿ 2001ರಲ್ಲಿ ಸುಪ್ರೀಂ ಕೋರ್ಟ್, ಮಾಲು ಹೇರಿದ ಟ್ರೇಲರ್ ಕಟ್ಟಿದ ಮಾತ್ರಕ್ಕೆ ಟ್ರ್ಯಾಕ್ಟರ್ ಲೈಸೆನ್ಸ್ ಅನೂರ್ಜಿತವಾಗದು ಎಂದಿದೆ.

ಇನ್ನೊಂದು ತಪ್ಪೂ ಆಯಿತು. ಜಗಳ ಬೇಡ ಅಂತ "ನಂದೇ ತಪ್ಪು, ಕೊಡ್ತೀನಿ" ಅಂದುಬಿಟ್ಟೆ. ಕಂಪನಿಯ ಲಿಖಿತ ಒಪ್ಪಿಗೆಯಿಲ್ಲದೆ ತಪ್ಪೊಪ್ಪಿಕೊಳ್ಳಬಾರದು, ದುಡ್ಡು ಕೊಡುವ ಮಾತಾಡಬಾರದು ಅನ್ನೋದು ಪಾಲಿಸಿಯ ಷರತ್ತು. ಗಾಯಾಳುವನ್ನು ನೋಡಿಕೊಳ್ಳಿ, ಮರ್ಯಾದೆಯಿಂದ ಮಾತಾಡಿ. ಲೆಕ್ಕ ಮಾತ್ರ ಆಮೇಲೆ.

ಸ್ಥಳದಲ್ಲೇ ಮಾಡಬೇಕಾದ್ದು

1. ಗಾಯವಾಗಿದ್ದರೆ ಮೊದಲು ಆಸ್ಪತ್ರೆ. ಪೊಲೀಸರಿಗೆ ಆದಷ್ಟು ಬೇಗ, ತಡವಾದರೂ 24 ಗಂಟೆಯೊಳಗೆ ತಿಳಿಸಿ.
2. ಗಾಡಿ ಸರಿಸುವ ಮುಂಚೆ ನಾಲ್ಕೂ ದಿಕ್ಕಿನಿಂದ ಫೋಟೋ ತೆಗೆಯಿರಿ. ನಂಬರ್ ಪ್ಲೇಟ್, ಚಕ್ರದ ಗುರುತು, ದಾರಿಯ ಅಗಲ ಕಾಣಬೇಕು.
3. ಎರಡೂ ಕಡೆಯ ಲೈಸೆನ್ಸ್, ಆರ್‌ಸಿ, ಪಾಲಿಸಿಯ ಫೋಟೋ, ನೋಡಿದ ಇಬ್ಬರ ಫೋನ್ ನಂಬರ್ ಇಟ್ಟುಕೊಳ್ಳಿ.
4. ಕಾಟಾ ಹತ್ತಿರ ಸಿಸಿ ಕ್ಯಾಮೆರಾ ಇದ್ದರೆ ಅವತ್ತೇ ದೃಶ್ಯ ಕೇಳಿ. ಹಳೆಯದು ಅಳಿಸಿಹೋಗುತ್ತದೆ.
5. ವಿಮಾ ಕಂಪನಿಗೆ ತಕ್ಷಣ ಬರಹದಲ್ಲಿ ತಿಳಿಸಿ. ಸರ್ವೇಯರ್ ನೋಡುವ ತನಕ ರಿಪೇರಿ ಬೇಡ.

ಮಾತುಕತೆಯಲ್ಲಿ ಬಗೆಹರಿಯದಿದ್ದರೆ ಮೋಟಾರು ಅಪಘಾತ ಪರಿಹಾರ ನ್ಯಾಯಮಂಡಳಿ ಇದೆ. ಗಾಯಕ್ಕಷ್ಟೇ ಅಲ್ಲ, ಆಸ್ತಿ ಹಾನಿಗೂ ಅಲ್ಲಿ ಅರ್ಜಿ ಹಾಕಬಹುದು. ಘಟನೆ ನಡೆದ ಜಾಗ, ಅರ್ಜಿದಾರ ವಾಸಿಸುವ ಊರು, ಎದುರುಗಾರನ ಊರು, ಮೂರರಲ್ಲಿ ಯಾವುದರ ವ್ಯಾಪ್ತಿಯ ನ್ಯಾಯಮಂಡಳಿಯಾದರೂ ಆದೀತು. ಅಂದರೆ ಸಿಂಧನೂರಲ್ಲಿ ಆದ ಡಿಕ್ಕಿಗೆ ಲಿಂಗಸುಗೂರಿನ ರೈತ ಸಿಂಧನೂರಿಗೇ ಅಲೆಯಬೇಕಿಲ್ಲ. ಆದರೆ ಆರು ತಿಂಗಳೊಳಗೆ ಅರ್ಜಿ ಹಾಕಬೇಕು. ಕಾನೂನು ನೆರವಿಗೆ 15100ಕ್ಕೆ ಫೋನ್ ಮಾಡಬಹುದು.

ನನ್ನ ಲೆಕ್ಕ ಹೀಗೆ ಮುಗಿಯಿತು: ಆಟೋ ರಿಪೇರಿಗೆ 18 ಸಾವಿರ, ಪೂರ್ತಿ ನನ್ನ ಜೇಬಿನಿಂದ. ಆಟೋದವರು ಆರು ದಿನ ದುಡಿಮೆಯಿಲ್ಲದೆ ಕೂತರು, ಅದಕ್ಕೆ ನಾನೇನೂ ಕೊಡಲಾಗಲಿಲ್ಲ. ಅದು ಇನ್ನೂ ಮನಸ್ಸಿನಲ್ಲಿ ಉಳಿದಿದೆ. ಈಗ ಟ್ರಾಲಿಯನ್ನೂ ಪಾಲಿಸಿಗೆ ಸೇರಿಸಿದ್ದೇನೆ. ನೆಲ್ಲು ಹೇರುವ ಮುಂಚೆ ನಿಮ್ಮ ಪಾಲಿಸಿ ತೆಗೆದು ನೋಡಿ. ಟ್ರೇಲರ್ ಅನ್ನೋ ಪದ ಅದರಲ್ಲಿ ಇದೆಯಾ?