ಪರದೇಶದ ದುಡಿಮೆಯಲ್ಲಿ ಗಾಯಗೊಂಡರೆ



ಪೆಸಿಫಿಕ್ ಸಾಗರದ ಗುವಾಮ್ ದ್ವೀಪದಲ್ಲಿ ಅಮೆರಿಕ ಸರ್ಕಾರದ ಗುತ್ತಿಗೆ ಕಂಪನಿಯೊಂದು ತನ್ನ ಕೆಲಸಗಾರರಿಗೆ ಕಡಲತೀರದ ಬಳಿ ವಿರಾಮ ಕೇಂದ್ರ ನಡೆಸುತ್ತಿತ್ತು. ಪಕ್ಕದ ಕಾಲುವೆ ಬಹಳ ಅಪಾಯಕಾರಿ. ಈಜಬಾರದೆಂದು ಫಲಕ ಹಾಕಿದ್ದರು. ಒಂದು ಸಂಜೆ ಅಲ್ಲಿ ಬಸ್ಸಿಗೆ ಕಾಯುತ್ತಿದ್ದ ಕೆಲಸಗಾರನೊಬ್ಬ, ಆಚೆಯ ಬಂಡೆಗಳ ಮೇಲಿಂದ ಇಬ್ಬರು ಸಹಾಯಕ್ಕಾಗಿ ಸನ್ನೆ ಮಾಡುವುದನ್ನು ತಿಳಿದು ನೀರಿಗಿಳಿದ, ಮುಳುಗಿ ಸತ್ತ. ಅವನನ್ನೇ ನೆಚ್ಚಿದ್ದ ತಾಯಿ ಪರಿಹಾರ ಕೇಳಿದರು.

ಕೆಲಸದ ಹೊತ್ತಲ್ಲ, ಕೆಲಸದ ಜಾಗವಲ್ಲ, ಇಳಿಯಬಾರದ ನೀರು. ಮೇಲ್ಮನವಿ ನ್ಯಾಯಾಲಯ ಆ ತಾಯಿಗೆ ಪರಿಹಾರವಿಲ್ಲವೆಂದಿತು. ಆದರೆ 1951ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟು ಆಕೆಯ ಪರ ನಿಂತಿತು. ಉದ್ಯೋಗವೇ ಒಬ್ಬನನ್ನು ವಿಶೇಷ ಅಪಾಯದ ನೆಲೆಗೆ ಒಯ್ದಿರುವಾಗ, ಅಲ್ಲಿ ಇನ್ನೊಬ್ಬರನ್ನು ಉಳಿಸಲು ಹೋಗುವುದೂ ಆ ಉದ್ಯೋಗದ ಪರಿಸ್ಥಿತಿಯಿಂದಲೇ ಹುಟ್ಟಿದ್ದಾಗಬಹುದು ಎಂಬುದು ತೀರ್ಪಿನ ತಿರುಳು. ಒಳ್ಳೆಯ ಸಮಾರಿಯದವನ ಸಾಮತಿ ಕೇಳಿ ಬೆಳೆದ ನಮಗೆ ಇದು ಸಹಜವೆನಿಸಬಹುದು. ಕಾನೂನಿನ ಪುಸ್ತಕಗಳಲ್ಲಿ ಇಂಥದ್ದು ಅಪರೂಪ.

ಈ ಪರಿಹಾರ ಸಿಕ್ಕಿದ್ದು 1941ರ 'ಡಿಫೆನ್ಸ್ ಬೇಸ್ ಆ್ಯಕ್ಟ್' ಅಡಿಯಲ್ಲಿ. ಹಡಗುಕಟ್ಟೆಯ ಕೂಲಿಗಳಿಗಾಗಿ 1927ರಲ್ಲಿ ಮಾಡಿದ ಪರಿಹಾರ ಕಾನೂನನ್ನು ಅದು ಹೊರದೇಶಗಳ ಅಮೆರಿಕನ್ ಸೇನಾ ನೆಲೆಗಳಿಗೂ ಸರ್ಕಾರಿ ಗುತ್ತಿಗೆ ಕೆಲಸಗಳಿಗೂ ವಿಸ್ತರಿಸಿತು. ಸೈನಿಕರಿಗಲ್ಲ, ನಾಗರಿಕ ಕೆಲಸಗಾರರಿಗೆ. ತಪ್ಪು ಯಾರದೆಂದು ಸಾಮಾನ್ಯವಾಗಿ ಕೇಳುವುದಿಲ್ಲ. ಪೌರತ್ವವನ್ನಂತೂ ಕೇಳುವುದೇ ಇಲ್ಲ.

ನಮಗೇಕೆ ಇದು ಎನ್ನುವಿರಾ? 2003ರ ಬಳಿಕ ಇರಾಕಿನ ಅಮೆರಿಕನ್ ನೆಲೆಗಳಲ್ಲಿ ಅಡುಗೆ ಮಾಡಿದವರು, ಬಟ್ಟೆ ಒಗೆದವರು, ಸಾಮಾನು ಹೊತ್ತವರಲ್ಲಿ ಭಾರತ, ನೇಪಾಳ, ಫಿಲಿಪೈನ್ಸ್ ದೇಶಗಳವರು ಬಹಳ ಮಂದಿ. 2004ರಲ್ಲಿ ಇರಾಕಿನಲ್ಲಿ 12 ಮಂದಿ ನೇಪಾಳಿ ಯುವಕರು ಅಪಹರಣಕಾರರ ಕೈಯಲ್ಲಿ ಕೊಲೆಯಾದರು. ಅವರು ಇನ್ನೂ ಕೆಲಸದ ನೆಲೆಗೆ ಹೋಗುವ ದಾರಿಯಲ್ಲಿದ್ದರು. ಆದರೂ ಅವರ ಕುಟುಂಬಗಳು ಇದೇ ಕಾನೂನಿನಡಿ ಪರಿಹಾರಕ್ಕಾಗಿ ಹೋರಾಡಿ ಗೆದ್ದವು. ನಮ್ಮ ಕರಾವಳಿಯಿಂದ ಗಲ್ಫಿಗೆಂದು ಹೊರಟವರೂ ಇಂಥ ನೆಲೆಯ ಉಪಗುತ್ತಿಗೆದಾರನ ಕೈಕೆಳಗೆ ಸೇರಬಹುದು. ಆಗ ಅವರಿಗೂ ಇದು ಅನ್ವಯಿಸುತ್ತದೆ. ಅಲ್ಲಿನ ಮಾಮೂಲಿ ಕಂಪನಿ, ಹೋಟೆಲು, ಮನೆಗೆಲಸಕ್ಕೆ ಮಾತ್ರ ಅನ್ವಯಿಸದು. ಅಲ್ಲಿ ಆಯಾ ದೇಶದ ಕಾನೂನೇ ಗತಿ.

ಗಾಯಗೊಂಡವನ ಚಿಕಿತ್ಸೆಯ ವೆಚ್ಚ ಮಾಲೀಕನ ಅಥವಾ ಅವನ ವಿಮಾ ಕಂಪನಿಯ ಹೊಣೆ. ದುಡಿಯಲು ಪೂರ್ತಿ ಆಗದಿದ್ದರೆ ವಾರದ ಸರಾಸರಿ ಸಂಬಳದ ಮೂರರಲ್ಲಿ ಎರಡು ಪಾಲು, ಕಾನೂನಿನ ಮಿತಿಯೊಳಗೆ. ಸತ್ತರೆ ವಿಧವೆಗೆ ಅರ್ಧ ಸಂಬಳ. ಮಕ್ಕಳಿದ್ದರೆ ಒಟ್ಟು ಮೂರರಲ್ಲಿ ಎರಡು ಪಾಲಿನವರೆಗೆ. ಆದರೆ ಒಂದು ಕಹಿ ಮಾತಿದೆ. ಶಾಶ್ವತ ಅಂಗವೈಕಲ್ಯ ಅಥವಾ ಸಾವಿನ ಪ್ರಕರಣದಲ್ಲಿ, ಅಮೆರಿಕ, ಕೆನಡಾಗಳ ಹೊರಗಿರುವ ವಿದೇಶೀಯರಿಗೆ ಮುಂದಿನ ಕಂತುಗಳನ್ನೆಲ್ಲ ಒಟ್ಟುಗೂಡಿಸಿ, ಅದರ ಅರ್ಧ ಮಾತ್ರ ಒಂದೇ ಬಾರಿಗೆ ಕೊಟ್ಟು ಮುಗಿಸಲು ವಿಮಾ ಕಂಪನಿ ಅರ್ಜಿ ಹಾಕಬಹುದು. ಒಂದೇ ಅಡುಗೆಮನೆಯಲ್ಲಿ ಸುಟ್ಟ ಎರಡು ಕೈಗಳಿಗೆ ಎರಡು ಬೆಲೆ! ಪರದೇಶದಲ್ಲಿ ದುಡಿಯುವವನು ಅಲ್ಲಿನವನಿಗಿಂತ ಕೀಳಾಗಬಾರದೆಂದು ಜಗದ್ಗುರು ಎರಡನೇ ಜಾನ್ ಪಾಲ್ 1981ರ ತಮ್ಮ 'ಲಾಬೋರೆಮ್ ಎಕ್ಸರ್ಚೆನ್ಸ್' ವಿಶ್ವಪತ್ರದಲ್ಲಿ ಬೋಧಿಸಿದ್ದರು.

ಇನ್ನು, ಸುಮ್ಮನಿದ್ದರೆ ಇರುವ ಹಕ್ಕೂ ಕೈತಪ್ಪೀತು. ಪೆಟ್ಟಾದ 30 ದಿನಗಳೊಳಗೆ ಮಾಲೀಕನಿಗೆ ಬರವಣಿಗೆಯಲ್ಲಿ ತಿಳಿಸಬೇಕು. ಅಮೆರಿಕದ ಕಾರ್ಮಿಕ ಇಲಾಖೆಗೆ ಸಾಮಾನ್ಯವಾಗಿ ಒಂದು ವರ್ಷದೊಳಗೆ ಅರ್ಜಿ ಹೋಗಬೇಕು. ನಿಧಾನವಾಗಿ ಕಾಣಿಸುವ ಉದ್ಯೋಗಜನ್ಯ ಕಾಯಿಲೆಯಾದರೆ ತಿಳಿದ ಮೇಲೆ ಎರಡು ವರ್ಷ. "ಊರಿಗೆ ಹೋಗು, ಆಮೇಲೆ ನೋಡೋಣ" ಎಂದವರ ಮಾತು ನಂಬಿ ಕೂರಬೇಡಿ. ಪರಿಹಾರದಲ್ಲಿ ಪಾಲು ಕೇಳುವ ದಲ್ಲಾಳಿಗಳನ್ನೂ ದೂರವಿಡಿ. ಈ ಪ್ರಕರಣಗಳಲ್ಲಿ ವಕೀಲರ ಶುಲ್ಕಕ್ಕೂ ಅಧಿಕಾರಿಗಳ ಒಪ್ಪಿಗೆ ಬೇಕು.

ಮನೆಯಿಂದ ಯಾರಾದರೂ ಹೊರಡುವವರಿದ್ದರೆ ಕರಾರುಪತ್ರದ ಪ್ರತಿ, ಕೆಲಸ ಕೊಟ್ಟ ಕಂಪನಿಯ ಹೆಸರು, ಅದರ ಮೇಲಿನ ಮುಖ್ಯ ಗುತ್ತಿಗೆದಾರನ ಹೆಸರು ಇವಿಷ್ಟನ್ನು ಹೆಂಡತಿಯ ಅಥವಾ ತಾಯಿಯ ಕೈಯಲ್ಲಿ ಕೊಟ್ಟುಹೋಗಲಿ. ಸಂಬಳದ ಚೀಟಿಗಳನ್ನು ತಿಂಗಳು ತಿಂಗಳು ಕಳುಹಿಸಲಿ.